ಟ್ರೇಲರಿನ ಎಡಗಡೆ ಮೂಲೆ

ಬಾಗಿಲು ಹಾಕ್ಬೇಡಿ, ಗಾಳಿ ಬರ್ಲಿ. ಆದ್ರೆ ಮಧ್ಯೆ ಯಾರೂ ಎದ್ದು ಹೋಗೋ ಹಾಗಿಲ್ಲ, ಮೊದ್ಲೇ ಹೇಳಿದೀನಿ. ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಇದಾನಲ್ಲ, ಜೇನು ಸಾಕೋನು... ಅವನಿಗೇ ಆಗಿದ್ದು.

ಆ ರಾತ್ರಿ ಅವನು ಟೈರ್ ಅಂಗಡಿಯಿಂದ ಮನೆಗೆ ನಡ್ಕೊಂಡು ಬರ್ತಿದ್ದ. ಒಬ್ನೇ. ಟ್ರೇಲರಿನ ಎಡಗಡೆ ಚಕ್ರ ಉರುಳಿಸ್ಕೊಂಡು. ಬಲಗಡೆಯದು ಹಗಲೇ ಮುಗಿದಿತ್ತು, ಇದು ತಡ ಆಯ್ತು. ಟೈರಿನ ಒಳಗೆ ಸಣ್ಣ ಸಣ್ಣ ಮಣಿ ಹಾಕಿಸಿದ್ದ, ತೂಕ ಸಮ ಆಗ್ಲಿ ಅಂತ. ಉರುಳಿದ ಹಾಗೆಲ್ಲ ಸರ್ರ್... ಸರ್ರ್... ಡಬ್ಬಿಯಲ್ಲಿ ಅಕ್ಕಿ ಅಲ್ಲಾಡಿಸಿದ ಹಾಗೆ.

ದಾರೀಲಿ ಒಂದು ಹಳೇ ಬಾವಿ ಇದೆ, ಅದರ ಹತ್ರ ಬಂದ. ಸುಸ್ತಾಗಿ ನಿಂತ. ಚಕ್ರಾನೂ ನಿಲ್ತು.

ಸರ್ರ್ ಅನ್ನೋದು ಮಾತ್ರ ನಿಲ್ಲಲಿಲ್ಲ...

ಚಕ್ರ ಅವನ ತೊಡೆಗೆ ಒರಗಿದೆ. ಅಲ್ಲಾಡ್ತಿಲ್ಲ. ಒಳಗೆ ಮಣಿ ಓಡ್ತಾ ಇವೆ. ಆಮೇಲೆ ಬಾವಿ ಕಟ್ಟೆ ಕಡೆಯಿಂದ... ಠಣ್. ತಗಡಿನ ಡಬ್ಬ ಕಲ್ಲಿನ ಮೇಲೆ ಇಟ್ಟ ಸದ್ದು.

ನೀವಾಗಿದ್ರೆ ಏನ್ಮಾಡ್ತಿದ್ರಿ? ಅವನೂ ಅದನ್ನೇ ಮಾಡಿದ. ಓಡಿದ. ಚಕ್ರ ಮಾತ್ರ ಬಿಡಲಿಲ್ಲ ಪುಣ್ಯಾತ್ಮ, ಅದನ್ನೂ ಉರುಳಿಸ್ಕೊಂಡೇ ಓಡಿದ.

ಆ ಡಬ್ಬ ಯಾರದ್ದು ಅಂತ ಅವನಿಗೆ ಗೊತ್ತಿತ್ತು ನೋಡಿ, ಅದಕ್ಕೆ. ಜೇನು ಪೆಟ್ಟಿಗೆ ಸಾಗಿಸೋದು ಯಾವಾಗ್ಲೂ ರಾತ್ರೀನೇ, ಹಗಲು ಹುಳ ಎಲ್ಲ ಹೊರಗೆ ಇರ್ತವೆ. ಹೋದ ವರ್ಷದ ತನಕ ಇವನು ಜೀಪು ಓಡಿಸ್ತಿದ್ದ, ಚಿಕ್ಕಪ್ಪ ಹಿಂದೆ ಟ್ರೇಲರಿನ ಎಡಗಡೆ ಮೂಲೇಲಿ ಕೂತು ಪೆಟ್ಟಿಗೆ ಹಿಡ್ಕೊಳ್ತಿದ್ರು. ಬಾವಿ ಹತ್ರ ಇಳಿದು, ಡಬ್ಬದಲ್ಲಿ ನೀರು ತಂದು ಪೆಟ್ಟಿಗೆ ಮೇಲೆ ಚಿಮುಕಿಸೋರು, ಹುಳ ತಣ್ಣಗಿರ್ಲಿ ಅಂತ. ಮತ್ತೆ ಹತ್ತಿ ಕೂತು ಹಲಗೆಗೆ ಎರಡು ಸಲ ತಟ್ಟೋರು. ಟಕ್ ಟಕ್. ಅದು ಕೇಳಿದ ಮೇಲೇ ಹೊರಡೋದು.

ಆ ಕೊನೇ ರಾತ್ರಿ ಇವನಿಗೆ ಅವಸರ. ತಟ್ಟಿದ್ರು ಅಂದ್ಕೊಂಡು ಹೊರಟೇಬಿಟ್ಟ. ಸ್ವಲ್ಪ ದೂರಕ್ಕೇ ಟ್ರೇಲರ್ ಧಡಧಡ ಕುಣಿಯೋಕೆ ಶುರುವಾಯ್ತು. ರಸ್ತೆ ಸರಿಯಿಲ್ಲ ಅಂದ್ಕೊಂಡ. ತೋಟ ಮುಟ್ಟಿ ಇಳಿದು ನೋಡಿದ್ರೆ... ಮೂಲೆ ಖಾಲಿ. ಎದ್ದುಬಿದ್ದು ವಾಪಸ್ ಬಂದ. ಚಿಕ್ಕಪ್ಪ ಬಾವಿ ಕಟ್ಟೆ ಮೇಲೆ ಕೂತೇ ಇದ್ರು. ತುಂಬಿದ ಡಬ್ಬ ಮಡಿಲಲ್ಲಿ. ಜೀವ ಹೋಗಿತ್ತು.

ಅವತ್ತಿಂದ ಆ ಟ್ರೇಲರ್ ಕುಣಿಯೋದು ನಿಲ್ಲಲೇ ಇಲ್ಲ. ಪ್ರತೀ ಸಲ ಪೆಟ್ಟಿಗೆಯೊಳಗಿನ ಮೇಣದ ಎರಿ ಒಡೀತಿತ್ತು, ರಾಣಿ ಹುಳ ಸಾಯ್ತಿತ್ತು. ಬಾವಿ ದಾರಿ ಬಿಟ್ಟು ಸುತ್ತು ದಾರಿ ಹಿಡಿದ, ಆದ್ರೂ ಅಷ್ಟೇ. ಚಕ್ರದ ತೂಕ ಸಮ ಇಲ್ಲ ಅಂತ ಟೈರಿನವನು ಮೊದ್ಲು ಅದನ್ನ ಮಟ್ಟ ನೋಡೋ ತಕ್ಕಡಿ ಮೇಲೆ ಮಲಗಿಸಿ, ಅದರ ಗಾಜಿನೊಳಗಿನ ನೀರ್ಗುಳ್ಳೆ ನಡುವೆ ಬರೋ ತನಕ ಅಂಚಿಗೆ ಸೀಸದ ತುಂಡು ಬಡಿದ. ಆಮೇಲೆ ಮಷೀನಿಗೆ ಹಾಕಿ ಗಿರ್ರನೆ ತಿರುಗಿಸಿದ, ಮಷೀನು ಸೊನ್ನೆ ತೋರಿಸ್ತು, ಅಂದ್ರೆ ತೂಕ ಸಮ. ಟ್ರೇಲರಿಗೆ ಹಾಕಿದ್ರೆ ಮತ್ತದೇ ಧಡಧಡ.

"ಇನ್ನು ಉಳಿದಿರೋದು ಮಣಿ ಒಂದೇ ಅಣ್ಣ," ಅಂದಿದ್ದ. "ಚಕ್ರ ಜೋರಾಗಿ ಓಡೋವಾಗ ಎಲ್ಲಿ ಹಗುರ ಇದ್ಯೋ ಅಲ್ಲಿಗೆ ಅವೇ ಹೋಗಿ ಕೂರ್ತವೆ. ನಿಧಾನ ಆದ್ರೆ ಸದ್ದು ಮಾಡ್ತವೆ. ನಿಂತ ಚಕ್ರ ಮಾತ್ರ ಸದ್ದು ಮಾಡಲ್ಲ."

ಈ ಸಲಾನೂ ಎರಿ ಒಡೆದ್ರೆ ಜೇನಿನ ಸಹವಾಸವೇ ಬೇಡ, ಪೆಟ್ಟಿಗೆ ಎಲ್ಲ ಕೊಟ್ಟುಬಿಡೋಣ ಅಂತ ಗಂಡ ಹೆಂಡ್ತಿ ತೀರ್ಮಾನ ಮಾಡಿದ್ರು. ಅಪ್ಪ ಕಟ್ಟಿದ ಕಸುಬು. ಇವನಿಗೆ ಊಟ ಸೇರ್ತಿರಲಿಲ್ಲ, ನಿದ್ದೆ ಹತ್ತಿರ ಸುಳೀತಿರಲಿಲ್ಲ.

ಆ ರಾತ್ರಿ ಓಡಿ ಮನೆ ಮುಟ್ಟಿದಾಗ ಹೆಂಡ್ತಿ ಟ್ರೇಲರ್ ಎತ್ತಿದ್ದ ಜಾಕಿ ಪಕ್ಕದಲ್ಲೇ ಕೂತಿದ್ಲು. ಚಕ್ರ ಏರಿಸಿ ನಟ್ಟು ಬಿಗಿಯೋಕೆ ಶುರು ಮಾಡಿದ್ಲು.

"ಸುತ್ತು ದಾರೀಲೇ ಹೋಗೋಣ ಕಣೇ," ಪಿಸುಗುಟ್ಟಿದ.

"ಯಾಕೆ?"

"ಬಾವಿ ಹತ್ರ... ಡಬ್ಬ ಇಟ್ಟ ಸದ್ದು."

ಅವಳ ಕೈ ನಿಲ್ತು. "ಒಂದು ವರ್ಷದಿಂದ ಚಕ್ರಾನೇ ನೋಡ್ತಿದೀರಿ. ಮಾವ ಹತ್ತಿದ್ರಾ ಅಂತ ಒಂದ್ಸಲ ನೋಡಿದ್ರಾ?"

ಅವನು ಉಳಿದ ನಟ್ಟು ಎತ್ತಿ ಅವಳ ಕೈಗೆ ಕೊಟ್ಟ.

"ಬಾವಿ ದಾರೀಲೇ ಹೋಗೋಣ. ನಿಲ್ಲಿಸೋಣ. ಹತ್ಲಿ ಅವರು."

ಪೆಟ್ಟಿಗೆ ಹೇರಿ ಹೊರಟ್ರು. ಬಾವಿ ಹತ್ರ ಇಂಜಿನ್ ಆಫ್ ಮಾಡಿದ. ಹಿಂದೆ ಹುಳಗಳ ಗುಂಯ್... ಬೇರೆ ಏನೂ ಇಲ್ಲ. ಕಾದ್ರು. ಅವನ ಕೈ ಮತ್ತೆ ಚಾವಿಗೆ ಹೋಯ್ತು.

"ಇರಿ," ಅಂದ್ಲು.

ಅವನು ಹಿಂದೆ ತಿರುಗಲಿಲ್ಲ. "ಅಪ್ಪಾ... ಅವತ್ತು ಕಾಯ್ಲಿಲ್ಲ. ಇವತ್ತು ಕಾಯ್ತಿದೀನಿ."

ಗುಂಯ್ ಅನ್ನೋದು ಒಮ್ಮೆಗೇ ನಿಂತುಹೋಯ್ತು.

ಟಪ್... ಟಪ್... ಪೆಟ್ಟಿಗೆ ಮೇಲೆ ನೀರು ಬಿದ್ದ ಸದ್ದು. ಆಮೇಲೆ ಕಿರ್ರ್ ಅಂತ ಟ್ರೇಲರ್ ಎಡಗಡೆಗೆ ತಗ್ಗಿತು. ಜೀಪಿನ ಸೀಟಿಗೂ ಗೊತ್ತಾಯ್ತು ಅದು.

ಟಕ್ ಟಕ್.

ಹೊರಟ. ಟ್ರೇಲರ್ ಕುಣೀಲಿಲ್ಲ. ತೋಟ ಮುಟ್ಟೋ ತನಕ ಅಳ್ತಾನೇ ಓಡಿಸಿದ್ನಂತೆ, ಅವಳೇ ನಂಗೆ ಹೇಳಿದ್ದು. ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದ್ರೆ ಒಂದು ಎರೀನೂ ಒಡೆದಿರಲಿಲ್ಲ. ಪೆಟ್ಟಿಗೆ ಕೊಡೋ ಮಾತು ಅಲ್ಲಿಗೇ ಬಿಟ್ಟ. ಟೈರಿನವನಂತೂ ಈಗ ಬಂದವರಿಗೆಲ್ಲ ಸೀಸ ಬೇಡ, ಮಷೀನು ಬೇಡ, ಮಣೀನೇ ಹಾಕ್ಸಿ ಅಂತ ಕೊಚ್ಕೊಳ್ತಾನೆ. ಕೊಚ್ಕೊಳ್ಳಲಿ ಬಿಡಿ.

ನಗಬೇಡಿ, ನಾನು ಹೋಗಿ ನೋಡಿದೀನಿ. ಪೆಟ್ಟಿಗೆ ಎಲ್ಲ ಇಳಿಸಿ, ಮಟ್ಟವಾದ ಸಿಮೆಂಟ್ ನೆಲದ ಮೇಲೆ ಖಾಲಿ ಟ್ರೇಲರ್ ನಿಲ್ಲಿಸಿದ್ದ. ಸ್ಪ್ರಿಂಗ್ ಪ್ಲೇಟೂ ಎರಡು ಕಡೆ ಹೊಸದೇ, ಮೇಲೆ ಭಾರ ಬಿದ್ರೆ ಮಾತ್ರ ಸಂದು ಕಿರಿದಾಗೋದು. ಪ್ಲೇಟಿಗೂ ಮೇಲಿನ ಕಬ್ಬಿಣಕ್ಕೂ ನಡುವೆ ಬೆರಳು ತೂರಿಸಿ ನೋಡಿದೆ, ಈ ಕೈಯಲ್ಲೇ.

ಬಲಗಡೆ ನಾಲ್ಕು ಬೆರಳು ಹಿಡೀತು.

ಎಡಗಡೆ ಮೂರೇ.