ಮೆಟ್ಟಿಲ ಹತ್ತಿರ ಮೂರು ಗಿಡ

ಅಯ್ಯೋ, ಒಂದು ಕಳೆಗೆ ಹೆದರಿ ದೋಣೀನೇ ಕೊಯ್ದು ಹಾಕ್ತಾರಾ ಅಣ್ಣಾ? ಗರಗಸ ಒಂದ್ನಿಮಿಷ ಕೆಳಗಿಡು... ಇಡಲ್ವಾ? ಸರಿ, ಕೊಯ್ಯಿ. ಈ ಕಡೆ ಹಲಗೆ ನಾನು ಹಿಡ್ಕೋತೀನಿ, ಅಲ್ಲಾಡಲ್ಲ.

ಯಾಕೆ ನಗ್ತೀಯ? ಬಣ್ಣದ ಮೀನಿನಂಗಡಿ ಇಟ್ಟಿದ್ದವನು ನಾನು, ನೀರಲ್ಲಿ ಬೆಳೆಯೋ ಗಿಡದ ಸ್ವಭಾವ ನಂಗೆ ಗೊತ್ತಿಲ್ವಾ? ಈ ಕಳೆ ಹೊರದೇಶದ್ದು, ನಿಜ, ಆದ್ರೆ ಹೊರಗಿಂದ ಬಂದದ್ದೆಲ್ಲ ಕೆಟ್ಟದ್ದು ಅಂದ್ರೆ ಹೇಗೆ! ಟೊಮೇಟೊ ಹೊರಗಿಂದ ಬಂತು, ಮೆಣಸಿನಕಾಯಿ ಹೊರಗಿಂದ ಬಂತು, ಅದನ್ನ ಯಾರಾದ್ರೂ ಬೈತಾರಾ... ಹೌದಪ್ಪ, ಮೆಣಸಿನಕಾಯಿ ಕೆರೆ ಮುಚ್ಚಲ್ಲ. ಒಪ್ಪಿದೆ, ಒಪ್ಪಿದೆ.

ಆದ್ರೂ ತಪ್ಪೆಲ್ಲ ಆ ಮಶೀನಿನವರದ್ದು. ಕೆರೆ ತುಂಬ ಹಬ್ಬಿದ ಈ ಅಂತರಗಂಗೆ ಕಳೆ ತೆಗೀತೀವಿ ಅಂತ ಬಂದು ಕಚಕಚ ಕತ್ತರಿಸಿ ನೀರಲ್ಲೇ ಬಿಟ್ಟು ಹೋದ್ರು. ತುಂಡು ತುಂಡೂ ಚಿಗುರಿಕೊಳ್ತು! ಕೆರೆ ಎಲ್ಲಿ, ನೆಲ ಎಲ್ಲಿ, ಗೊತ್ತೇ ಆಗಲ್ಲ. ನಿನ್ನ ಬಲೇಲಿ ಬರೀ ಬೇರು... ಮೀನೆಲ್ಲ ಉಸಿರು ಕಟ್ಟಿ ಹೊಟ್ಟೆ ಮೇಲಾಗಿ ತೇಲಿದ ದಿನ ನೀನು ದಡದಲ್ಲಿ ಕೂತು ಅತ್ತೆ. ನಾನು ನೋಡಿದೆ ಅಣ್ಣಾ.

ಅತ್ತಿಗೆ ಏನಂದ್ರು? ಒಲೆಗಾದ್ರೂ ಆಗ್ಲಿ ಅಂದ್ರಾ... ಛೆ!

ಯಾರು ತಂದು ಹಾಕಿದ್ರೋ ಪುಣ್ಯಾತ್ಮರು! ಹಕ್ಕಿ ಕಾಲಿಗೆ ಅಂಟಿ ಬಂದಿರಬೇಕು. ಅಥವಾ ನೆರೆ ನೀರಲ್ಲಿ... ಬಂದಾಗ ಎಷ್ಟಿತ್ತು ಹೇಳು? ಕಲ್ಲುಮೆಟ್ಟಿಲ ಹತ್ರ ಮೂರೇ ಮೂರು ಗಿಡ. ಒಂದರಲ್ಲಿ ಆಗ ತಾನೇ ನೇರಳೆ ಹೂ ಬಿಟ್ಟಿತ್ತು. ಇನ್ನೊಂದರ ಎಲೆ ತುದೀಲಿ ಸುಟ್ಟಿತ್ತು, ಗಾಜಿನ ತೊಟ್ಟಿಯ ದೀಪದ ಶಾಖಕ್ಕೆ...

ಯಾಕೆ ಗರಗಸ ನಿಲ್ಲಿಸಿದೆ?

ಇಲ್ಲ, ಅದು... ಯಾರೋ ಹೇಳಿದ್ರು. ಯಾರೋ... ಹಾಗೆ ನೋಡಬೇಡ ಅಣ್ಣಾ.

ಅಂಗಡಿ ಮುಚ್ಚಿದ ದಿನ ಮೀನುಗಳನ್ನ ಯಾರ್ಯಾರೋ ಒಯ್ದರು. ಗಿಡ ಯಾರಿಗೂ ಬೇಡ. ಜೀವ ಇರೋದನ್ನ ಕಸದ ಬುಟ್ಟಿಗೆ ಹೇಗೆ ಹಾಕಲಿ? ಬಕೆಟ್ಟಲ್ಲಿ ತಂದು ಮೆಲ್ಲಗೆ ಕೆರೆ ನೀರಿಗೆ ಬಿಟ್ಟೆ. ಎಲ್ಲೋ ಬದುಕಿಕೊಳ್ಳಲಿ ಅಂತ... ಅಷ್ಟೇ ಅಣ್ಣಾ, ಅಷ್ಟೇ! ಆಮೇಲೆ ಎರಡನೇ ವಾರಕ್ಕೇ ಇಳಿದು ಕಿತ್ತೆ. ಕಿತ್ತಷ್ಟೂ ಬಂತು. ನಿಂಗೆ ಹೇಳೋಣ ಹೇಳೋಣ ಅಂತಾನೇ ಆರು ವರ್ಷ ಆಯ್ತು.

ಬೈಯಿ. ಎರಡೇಟು ಹೊಡಿ. ಏನಾದ್ರೂ ಮಾಡು...

ಎಲ್ಲಿಗೆ ಹೊರಟೆ? ಅರ್ಧ ಕೊಯ್ದ ದೋಣಿ ಬಿಟ್ಟು ಎಲ್ಲಿಗೆ?

ಅಣ್ಣಾ... ನಾನಿನ್ನೂ ಹಲಗೆ ಹಿಡ್ಕೊಂಡೇ ಇದ್ದೀನಿ.