ಮೆಟ್ಟಿಲ ತಿರುವಿನ ಪೆಟ್ಟಿಗೆ

ಒಂದು ಪಟ್ಟಣದಲ್ಲಿ ಅನುಕೂಲಸ್ಥನೊಬ್ಬನಿದ್ದ. ನೋಡಿ, ಅವನು ಕೆಟ್ಟವನಲ್ಲ, ನಿಮ್ಮಂಥವನೇ. ದಪ್ಪ ಕಲ್ಲಿನ ಗೋಡೆಯ ಮಹಡಿ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾರೆ, ಅವನ ಮಗಳು ಸಾರು ಬಡಿಸುತ್ತಾ ಬರುತ್ತಿದ್ದಾಳೆ. ಹುಡುಗಿ ಏನು ಓದುತ್ತಿದ್ದಾಳೆ ಎಂದು ಯಾರೋ ಕೇಳಿದರು. ಇವನು ನಕ್ಕು, "ಅರ್ಧಕ್ಕೇ ಬಿಟ್ಲು. ಇವಳಿಗೆ ಹಾಕಿದ್ದೆಲ್ಲ ದಂಡ ಬಿಡಿ" ಅಂದುಬಿಟ್ಟ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹುಡುಗಿ ಸಾರಿನ ಬಕೆಟ್ಟನ್ನು ಅಲ್ಲೇ ಇಟ್ಟು ಮೇಲೆ ಹೋದಳು. ಅಂದಿನಿಂದ ಅಪ್ಪನ ಜೊತೆ ಮಾತು ನಿಂತಿತು.

ಪೂರ್ತಿ ನಿಂತಿತೇ? ಇಲ್ಲ. ಒಂದು ಎಳೆ ಉಳಿದಿತ್ತು. ಅದೇನು ಗೊತ್ತೇ? ವೈಫೈ! ರೂಟರ್ ಇದ್ದದ್ದು ಕೆಳಗೆ ಹಾಲ್‌ನಲ್ಲಿ. ಆ ಗೋಡೆಗಳನ್ನು ದಾಟಿ ಮಗಳ ಕೋಣೆಗೆ ಸಿಗ್ನಲ್ ಹೋಗುತ್ತಿರಲಿಲ್ಲ. ಹಾಗಾಗಿ ಸಂಜೆಯಾದರೆ ಅವಳು ಮೆಟ್ಟಿಲ ತಿರುವಿನಲ್ಲಿ ಬಂದು ಕೂರುತ್ತಿದ್ದಳು. "ಅಪ್ಪಾ, ನೆಟ್ ಹೋಯ್ತು" ಅನ್ನುವಳು. "ತಡಿ, ಆಫ್ ಮಾಡಿ ಆನ್ ಮಾಡ್ತೀನಿ" ಅನ್ನುವನು. ಅಷ್ಟೇ ಮಾತು. ಅಷ್ಟು ಮಾತಿಗಾಗಿ ಅವನು ತನ್ನ ಅಂಗಡಿಯಿಂದ ಬೇಗ ಬರುತ್ತಿದ್ದ. 'ತಪ್ಪಾಯ್ತಮ್ಮ' ಎಂಬುದು ದಿನಾ ಗಂಟಲವರೆಗೆ ಬರುತ್ತಿತ್ತು. ನಾಳೆ ಹೇಳಿದರಾಯಿತು ಎಂದು ನುಂಗಿಕೊಳ್ಳುತ್ತಿದ್ದ.

ಹೇಳಲಿಲ್ಲ. ಬದಲಿಗೆ ಏನು ಮಾಡಿದ? ಮಗಳು ಮೆಟ್ಟಿಲ ಮೇಲೆ ಕೂತು ಕಷ್ಟಪಡುತ್ತಾಳಲ್ಲ, ಅದನ್ನು ಸರಿಮಾಡಿಕೊಟ್ಟರೆ ಎಲ್ಲ ಸರಿಹೋದೀತು ಎಂದುಕೊಂಡ. ಮೆಶ್ ರೂಟರ್ ತರಿಸಿದ. ಹಾಕಲು ಬಂದವನು ಹಾಲ್‌ನಲ್ಲೊಂದು ಪೆಟ್ಟಿಗೆ, ತಿರುವಿನಲ್ಲೊಂದು, ಮಗಳ ಕೋಣೆಯ ಹೊರಗೊಂದು ಇಟ್ಟ. "ಒಂದರಿಂದ ಒಂದಕ್ಕೆ ದಾಟಿಸ್ತವೆ ಸಾರ್. ಇನ್ಮೇಲೆ ಮೂಲೆಮೂಲೆಗೂ ಸಿಗುತ್ತೆ" ಅಂದ. ಸಿಕ್ಕಿತು ಕೂಡ.

ಸಂಜೆ ಅವನು ಹಾಲ್‌ನಲ್ಲಿ ಕಾದ. ಮಗಳು ಥ್ಯಾಂಕ್ಸ್ ಹೇಳಲು ಬಂದಾಳು, ಆಗ ನಾನೂ ಹೇಳಿಬಿಡುತ್ತೇನೆ ಎಂದು. ಮೆಟ್ಟಿಲು ಖಾಲಿ. ಮರುದಿನವೂ ಖಾಲಿ. ಹೆಂಡತಿ ಅಡುಗೆಮನೆಯಿಂದಲೇ ಅಂದಳು, "ಮೇಲೇ ಸಿಗುತ್ತಲ್ಲ, ಇನ್ಯಾಕೆ ಇಳಿದು ಬರ್ತಾಳೆ?" ಆಗ ಅವನಿಗೆ ಹೊಳೆಯಿತು. ಅಯ್ಯೋ, ಉಳಿದಿದ್ದ ಒಂದೇ ದಾರಿಯನ್ನು ಕೈಯಾರೆ ಮುಚ್ಚಿದೆನಲ್ಲ!

ಕೊನೆಗೊಂದು ಸಂಜೆ ಕಳ್ಳನಂತೆ ಹೋಗಿ ತಿರುವಿನ ಪೆಟ್ಟಿಗೆಯ ಪ್ಲಗ್ ಕಿತ್ತ. ಮೇಲೆ ನೆಟ್ ಹೋಯಿತು, ಬಾಗಿಲು ತೆರೆಯಿತು. ಮಗಳು ಇಳಿದು ಬಂದು ಅಪ್ಪನ ಕೈಯಲ್ಲಿದ್ದ ವೈರು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಕೋಪಿಸಿಕೊಳ್ಳಲಿಲ್ಲ. "ಏನಾದ್ರೂ ಹೇಳ್ಬೇಕಿತ್ತಾ ಅಪ್ಪಾ?" ಎಂದು ಕೇಳಿ ನಿಂತಳು.

ನೋಡಿ, ನಿಂತಳು! ಮಗಳು ಎದುರಿಗಿದ್ದಾಳೆ, ಕೇಳಲು ತಯಾರಿದ್ದಾಳೆ. ಆ ಮಹಾನುಭಾವ ಏನಂದ? "ಏನಿಲ್ಲಮ್ಮ, ಪ್ಲಗ್ ಲೂಸಾಗಿತ್ತು, ನೋಡ್ತಿದ್ದೆ" ಅಂದ.

ಅವಳು ಇನ್ನೊಂದು ಗಳಿಗೆ ನಿಂತಳು. "ಸರಿ" ಎಂದು ಮೇಲೆ ಹೋದಳು. ಅವನು ಪ್ಲಗ್ ಚುಚ್ಚಿದ, ಪೆಟ್ಟಿಗೆಯ ದೀಪ ಹತ್ತಿತು. ಮೇಲೆ ಚಿಲಕ ಹಾಕಿದ ಸದ್ದಾಯಿತು. ಆಮೇಲೆ ಅವಳು ಯಾವತ್ತೂ ಹಾಗೆ ಕೇಳಲಿಲ್ಲ.

ಮುಂದೆ? ಮುಂದೇನೂ ಇಲ್ಲ. ಎಲ್ಲ ಒಳ್ಳೆಯದಾಯಿತು ಎಂದು ಹೇಳಿ ನಿಮ್ಮನ್ನು ಕಳಿಸುವ ಆಸೆ ನನಗೂ ಇದೆ. ಆದರೆ ಆಗಲಿಲ್ಲ.

ಅವನನ್ನು ಬೈಯಬೇಡಿ. ಎದೆ ಮುಟ್ಟಿಕೊಂಡು ಹೇಳಿ, ನೀವು ಮಾಡುವುದು ಬೇರೆಯೇ? ಹೆಂಡತಿಯ ಮನಸ್ಸು ನೋಯಿಸಿ ಸೀರೆ ತರುತ್ತೀರಿ. ತಮ್ಮನಿಗೆ ಬಾಯಿಗೆ ಬಂದಂತೆ ಅಂದು, ಅವನ ಮಕ್ಕಳಿಗೆ ಸೈಕಲ್ ಕೊಡಿಸುತ್ತೀರಿ. ಎಲ್ಲವನ್ನೂ ಕೊಡುತ್ತೀರಿ, ಆ ಒಂದು ಮಾತನ್ನು ಬಿಟ್ಟು. ಆ ಮಾತಿಗೆ ಬದಲಿ ಯಾವ ಅಂಗಡಿಯಲ್ಲಿದೆ ಹೇಳಿ?

ಈಗ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತೀರಿ. ಕೈಕಾಲು ತೊಳೆಯುವ ಮುಂಚೆ, ಟಿವಿ ಹಾಕುವ ಮುಂಚೆ, ಯಾರನ್ನು ನೋಯಿಸಿದ್ದೀರೋ ಅವರ ಹತ್ತಿರ ಹೋಗಿ. ನೆಪ ಬೇಡ, ಪೀಠಿಕೆ ಬೇಡ. "ನನ್ನದು ತಪ್ಪಾಯ್ತು" ಎನ್ನಿ. ಹತ್ತು ಜನರೆದುರು ಅಂದಿದ್ದರೆ ಹತ್ತು ಜನರೆದುರೇ ಹೇಳಿ. ಅವರು ಕ್ಷಮಿಸದೆಯೂ ಇರಬಹುದು. ಆದರೂ ಹೇಳಿ. ನಿಮ್ಮಲ್ಲಿ ಎಷ್ಟೋ ಜನ ಹೇಳುವುದಿಲ್ಲ, ನನಗೆ ಗೊತ್ತು; ಈ ದೇವಸ್ಥಾನದ ಗೇಟು ದಾಟುವಷ್ಟರಲ್ಲೇ ನಾಳೆ ನೋಡೋಣ ಅನ್ನಿಸುತ್ತದೆ. ಏನಾದರೂ ಹೇಳಬೇಕಿತ್ತಾ ಎಂದು ಕೇಳುವವರು ನಿಮ್ಮ ಮನೆಯಲ್ಲಿ ಇವತ್ತು ಇದ್ದಾರೆ. ಅವರು ಕೇಳುವುದನ್ನು ಬಿಟ್ಟ ಮೇಲೆ ನೀವು ಎಷ್ಟು ಕೂಗಿಕೊಂಡರೂ ಆ ಬಾಗಿಲು ತೆರೆಯುವುದಿಲ್ಲ.