ಮೂರನೆಯ ಸರ್ವರ್

ಲಿಫ್ಟಿನ ಸಾಲಿನಲ್ಲಿ ನನ್ನ ಮುಂದೆ ಆಂಬ್ಯುಲೆನ್ಸ್ ಕರೆಕೇಂದ್ರದ ಕಂಪ್ಯೂಟರ್ ವಿಭಾಗದ ಇಬ್ಬರು ನಿಂತಿದ್ದರು. ಕಿರಿಯಳು ಹಿರಿಯನ ಕಡೆ ತಿರುಗಿದಳು.

“ಅಣ್ಣಾ, ಕರೆ ನಿಭಾಯಿಸೋಕೆ ಎರಡು ಸರ್ವರ್ ಸಾಕು, ಮೂರನೇದು ತೆಗೀಬಹುದು ಅಂತ ಬರೆದುಕೊಟ್ಟೆನಲ್ಲ, ತಪ್ಪಾಯ್ತು.”

“ಮೂರೂ ಅರ್ಧ ಖಾಲಿನೇ ಇದ್ವಲ್ಲಮ್ಮ?”

“ಒಂದೊಂದರ ಸರಾಸರಿ ನೋಡಿದ್ರೆ ಹೌದು. ಇವತ್ತು ಕರೆಗಳ ಗ್ರಾಫ್ ಜೊತೆ ಇಟ್ಟು ನೋಡಿದೆ. ದೊಡ್ಡ ಅಪಘಾತ ಆದಾಗೆಲ್ಲ ಮೂರೂ ಒಟ್ಟಿಗೇ ತುಂಬಿಹೋಗಿವೆ.”

“ಎರಡೇ ಇದ್ರೆ?”

“ಫೋನ್ ರಿಂಗ್ ಆಗ್ತಾನೇ ಇರುತ್ತೆ, ಗಾಡಿ ಹೋಗಲ್ಲ.”

“ಸಾಹೇಬ್ರಿಗೆ ಹೇಳಿದ್ಯಾ?”

“ಉಳಿತಾಯ ಮಾಡಿದೆ ಅಂತ ಮೊನ್ನೆ ತಾನೇ ಚಪ್ಪಾಳೆ ಹೊಡೆಸಿದ್ರು. ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಇರೋ ಮುಖಾನೇ ಇಟ್ಕೊಂಡು ಬಾ. ಆ ವರದಿಗೆ ನಾನೂ ಸಹಿ ಹಾಕಿದೀನಿ.”

ಲಿಫ್ಟ್ ತೆರೆಯಿತು. ಬಿಚ್ಚಿದ ಸರ್ವರ್ ಒಂದನ್ನು ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಒಬ್ಬ ಹೊರಬರುತ್ತಿದ್ದ. ಇಬ್ಬರೂ ಆ ತಳ್ಳುಗಾಡಿಯನ್ನು ಲಿಫ್ಟಿನೊಳಕ್ಕೇ ಹಿಂದಕ್ಕೆ ತಳ್ಳಿ, ತಾವೂ ಹೊಕ್ಕು, ಬಾಗಿಲು ಮುಚ್ಚಿಕೊಂಡರು.